ವಿಮಾನ ಬೇಕು, ಬಸ್ ಬೇಡ

ಡೆಟ್ರಾಯಿಟ್‌ನ ನಮ್ಮ ಕನ್ನಡ ಕೂಟಕ್ಕೆ ಸ್ವಂತ ಕಟ್ಟಡವಿರಲಿಲ್ಲ, ಸ್ವಂತ ಹಾರ್ಮೋನಿಯಂ ಕೂಡ ಇರಲಿಲ್ಲ. ಆದರೆ ಸ್ವಂತ ಮೈಸೂರು ಪೇಟವಿತ್ತು. ಕೂಟದ ಅಧ್ಯಕ್ಷರಾದ ಡಾಕ್ಟರು ಅದನ್ನು ಒಂದು ದುಂಡನೆಯ ಡಬ್ಬದಲ್ಲಿಟ್ಟು, ಮೈಸೂರಿನಿಂದ ಅಮೆರಿಕದವರೆಗೆ ತೊಡೆಯ ಮೇಲೆ ಇಟ್ಟುಕೊಂಡೇ ತಂದಿದ್ದರಂತೆ. ಸ್ವಲ್ಪ ಹೆಸರಿರುವವರು ಯಾರೇ ನಮ್ಮ ಕಡೆ ಬರಲಿ, ಅವರನ್ನು ಕುರ್ಚಿಯಲ್ಲಿ ಕೂರಿಸಿ, ಆ ಪೇಟ ತೊಡಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿ, ಕೈಗೊಂದು ತೆಂಗಿನಕಾಯಿ ಕೊಟ್ಟು ಫೋಟೋ ತೆಗೆಸದಿದ್ದರೆ ನಮ್ಮವರಿಗೆ ಊಟ ಸೇರುತ್ತಿರಲಿಲ್ಲ. ಸಮಾರಂಭ ಮುಗಿದ ಮೇಲೆ ಶಾಲು, ಕಾಯಿ ಅತಿಥಿಗೆ. ಪೇಟ ಮಾತ್ರ ಮತ್ತೆ ಡಬ್ಬದೊಳಕ್ಕೆ. ಮುಂದೆ ಬರುವ ದೊಡ್ಡವರ ತಲೆಗೂ ಬೇಕಲ್ಲ.

ನಾನೂ ಮೈಸೂರಿನವಳೇ. ಸನ್ಮಾನ ನನಗೆ ಹೊಸದಲ್ಲ. ನಮ್ಮೂರಿನಲ್ಲಿ ರಿಟೈರಾದ ಹೆಡ್‌ಮಾಸ್ತರಿಗೆ ಸನ್ಮಾನ, ವರ್ಗವಾದ ಬ್ಯಾಂಕ್ ಮ್ಯಾನೇಜರಿಗೆ ಸನ್ಮಾನ, ಗೆದ್ದ ಎಮ್ಮೆಲ್ಲೆಗೆ ಸನ್ಮಾನ, ಪಾಪ ಅಂತ ಸೋತವನಿಗೂ ಒಂದು. ಪೇಟ ತೊಡಿಸಿದ ಮಾತ್ರಕ್ಕೆ ಆ ಮನುಷ್ಯನ ಮಾತನ್ನೆಲ್ಲ ಒಪ್ಪಿಕೊಂಡ ಹಾಗೆ ಅಂತ ಅಲ್ಲಿ ಯಾರೂ ತಿಳಿಯುವುದಿಲ್ಲ. ಬಂದವರಿಗೊಂದು ಮರ್ಯಾದೆ, ಅಷ್ಟೇ. ಆ ಅಷ್ಟೇ ಎನ್ನುವುದು ಡೆಟ್ರಾಯಿಟ್‌ನಲ್ಲಿ ನಡೆಯುವುದಿಲ್ಲ ಎಂದು ನಾನು ಬಾಯಿ ಬಡಿದುಕೊಂಡೆ. ಯಾರು ಕೇಳಬೇಕು.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಗರದ ಉತ್ತರಕ್ಕಿದ್ದ ಒಂದು ಉಪನಗರದ ಅಪಾರ್ಟ್‌ಮೆಂಟಿನಲ್ಲಿ ನಾವಿದ್ದೆವು. ನನ್ನ ಯಜಮಾನರು ಕಾರು ಕಂಪನಿಯಲ್ಲಿ ಇಂಜಿನಿಯರ್. ನಾನು ಗಣಿತದಲ್ಲಿ ಎಂ.ಎಸ್‌ಸಿ. ಮಾಡಿ, ಹೈಸ್ಕೂಲಿನಲ್ಲಿ ಪಾಠ ಹೇಳಿ ಬಂದವಳು. ಇಲ್ಲಿ ಆ ಡಿಗ್ರಿಯನ್ನು ಯಾರೂ ಮೂಸಿಯೂ ನೋಡಲಿಲ್ಲ. ಕೊನೆಗೆ ನಮ್ಮ ಉಪನಗರದಲ್ಲೇ ಇದ್ದ ಒಂದು ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ನಕ್ಷೆ ತಿದ್ದುವ ಕೆಲಸ ಸಿಕ್ಕಿತು. ಯುದ್ಧವಿಮಾನ ನೆಲ ಬಿಟ್ಟ ಮೇಲೆ ಅದರ ಚಕ್ರಗಳು ಹೊಟ್ಟೆಯೊಳಗೆ ಮಡಚಿಕೊಳ್ಳುತ್ತವಲ್ಲ, ಆ ಕಾಲುಗಳನ್ನೂ ಅವುಗಳ ಮೇಲೆ ಮುಚ್ಚಿಕೊಳ್ಳುವ ಬಾಗಿಲುಗಳನ್ನೂ ಅಲ್ಲಿ ಮಾಡುತ್ತಿದ್ದರು. ಊರಿನ ಅರ್ಧದಷ್ಟು ಮನೆಗಳಲ್ಲಿ ಒಲೆ ಉರಿಯುತ್ತಿದ್ದುದು ಆ ವಿಮಾನಗಳಿಂದ. ವಾಷಿಂಗ್ಟನ್ನಿನಲ್ಲಿ ಹೊಸ ಬಾಂಬರ್ ವಿಮಾನಕ್ಕೆ ಹಣ ಕೊಡುತ್ತಾರೋ ಇಲ್ಲವೋ ಎನ್ನುವುದು ನಮ್ಮ ಕ್ಯಾಂಟೀನಿನಲ್ಲಿ ಹವಾಮಾನಕ್ಕಿಂತ ಹೆಚ್ಚು ಚರ್ಚೆಯಾಗುತ್ತಿದ್ದ ವಿಷಯ.

ನನ್ನ ಪಕ್ಕದ ಮೇಜಿನಲ್ಲಿ ನನ್ನದೇ ವಯಸ್ಸಿನ ಒಬ್ಬಳು ಕಪ್ಪು ಹೆಂಗಸು ಕೆಲಸ ಮಾಡುತ್ತಿದ್ದಳು. ಡೆಟ್ರಾಯಿಟ್ ನಗರದೊಳಗೆ ಅವಳ ಮನೆ. ಗಂಡನಿಗೆ ಫೌಂಡ್ರಿಯಲ್ಲಿ ರಾತ್ರಿ ಪಾಳಿ. ನನಗಿನ್ನೂ ಡ್ರೈವಿಂಗ್ ಬಂದಿರಲಿಲ್ಲವಾದ್ದರಿಂದ ದಿನಾ ಬೆಳಿಗ್ಗೆ ದಾರಿಯಲ್ಲಿ ನನ್ನನ್ನು ಹತ್ತಿಸಿಕೊಳ್ಳುತ್ತಿದ್ದಳು. ಕಾರಿನಲ್ಲಿ ಹೀಟರ್ ಕೆಟ್ಟಿತ್ತು, ರೇಡಿಯೋ ಕೆಟ್ಟಿತ್ತು, ಅವಳ ನಾಲಗೆ ಮಾತ್ರ ಭೇಷಾಗಿತ್ತು. ನನ್ನ ಕೋಪ ಕಂಡರೆ ಅವಳಿಗೆ ಬಹಳ ಖುಷಿ. "ಇವತ್ತು ಯಾರ ಮೇಲೆ?" ಅಂತ ಕೇಳಿಕೊಂಡೇ ಗಾಡಿ ಬಿಡುತ್ತಿದ್ದಳು. ಅತ್ತೆಯ ಕಾಗದದಿಂದ ಹಿಡಿದು ಕ್ಯಾಂಟೀನಿನ ಕಾಫಿಯವರೆಗೆ ಎಲ್ಲವನ್ನೂ ನಾನು ಬೈದು ಮುಗಿಸುವಷ್ಟರಲ್ಲಿ ಕಾರ್ಖಾನೆಯ ಗೇಟು ಬಂದಿರುತ್ತಿತ್ತು.

ನಮ್ಮ ವಿಭಾಗದಲ್ಲಿ ಬೀಗ ಹಾಕಿದ ಒಂದು ಒಳಕೋಣೆಯಿತ್ತು. ಬಾಂಬರಿನ ಗುಟ್ಟಿನ ನಕ್ಷೆಗಳೆಲ್ಲ ಅದರೊಳಗೆ. ನಾನು ಸಿಟಿಜನ್ ಅಲ್ಲವಾದ್ದರಿಂದ ಅದರ ಹೊಸ್ತಿಲನ್ನೂ ತುಳಿಯುವಂತಿರಲಿಲ್ಲ. ಅವಳು ತುಳಿಯಬಹುದಿತ್ತು. ಸರ್ಕಾರದವರು ಅವಳ ಅಜ್ಜ ಅಜ್ಜಿಯರವರೆಗೆ ವಿಚಾರಿಸಿಕೊಂಡು ಬಂದು, ನಂಬಿಕಸ್ಥಳು ಎಂದು ಬರೆದುಕೊಟ್ಟಿದ್ದರು. ದೇಶದ ಗುಟ್ಟಿನ ವಿಮಾನವನ್ನು ಅವಳ ಕೈಗೆ ಕೊಡಬಹುದು. ಅವಳ ಮಗಳನ್ನು ಆ ಕಾರ್ಖಾನೆಯ ರಸ್ತೆಯ ಕೊನೆಯಲ್ಲೇ ಇದ್ದ ಶಾಲೆಗೆ ಸೇರಿಸಬಾರದು. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಮಗಳಿಗೆ ಆಗ ಹನ್ನೊಂದು ವರ್ಷ. ವಿಮಾನದ ಕೆಲಸ ಹೆಚ್ಚಾಗಿ ತಾಯಿಗೆ ಶನಿವಾರವೂ ಓವರ್‌ಟೈಮ್ ಬಿತ್ತು. ಹಗಲು ಮಲಗುವ ಅಪ್ಪನ ನಿದ್ದೆ ಕೆಡುತ್ತದೆಂದು ಹುಡುಗಿಯನ್ನು ನಮ್ಮ ಮನೆಯಲ್ಲಿ ಬಿಟ್ಟುಹೋಗುತ್ತಿದ್ದಳು. ನಮ್ಮ ಮಕ್ಕಳನ್ನು ನೋಡಿ ಅವಳೂ ನನ್ನನ್ನು ಆಂಟಿ ಎನ್ನಲು ಕಲಿತಳು. ಉಪ್ಪಿಟ್ಟು ತಿನ್ನಲು ಕಲಿಯಲಿಲ್ಲ. ಒಂದು ಶನಿವಾರ ಸುಮ್ಮನೆ ಕೂತಿರಬೇಡ ಅಂತ ಅವಳಿಗೊಂದು ಲೆಕ್ಕ ಕೊಟ್ಟೆ. ಮಾಡಿದಳು. ಅದಕ್ಕಿಂತ ಕಷ್ಟದ್ದು ಕೊಟ್ಟೆ. ಅದನ್ನೂ ಮಾಡಿ, "ಇನ್ನೊಂದು ದಾರೀಲೂ ಬರುತ್ತೆ ಆಂಟಿ" ಎಂದು ನನಗೇ ತೋರಿಸಿಕೊಟ್ಟಳು. ಅವಳ ಶಾಲೆಯಲ್ಲಿ ಗಣಿತದ ಟೀಚರು ಬಿಟ್ಟುಹೋಗಿ ವರ್ಷವಾಗಿತ್ತು. ಆಟದ ಮೇಷ್ಟ್ರು ಬಂದು ಗಲಾಟೆಯಾಗದ ಹಾಗೆ ನೋಡಿಕೊಳ್ಳುತ್ತಿದ್ದರಂತೆ. ನಮ್ಮ ಉಪನಗರದ ಶಾಲೆಯಲ್ಲಿ ಆ ವಯಸ್ಸಿಗೇ ಬೀಜಗಣಿತ ಶುರು. ನನ್ನ ಮಗ ಅದನ್ನು ಕಂಡರೆ ಅಳುತ್ತಿದ್ದ.

ನಗರದ ಶಾಲೆಗಳಲ್ಲಿ ಕಪ್ಪು ಮಕ್ಕಳು, ಉಪನಗರದ ಶಾಲೆಗಳಲ್ಲಿ ಬಿಳಿ ಮಕ್ಕಳು. ಇಬ್ಬರನ್ನೂ ಬೆರೆಸಬೇಕಾದರೆ ಬಸ್ಸುಗಳಲ್ಲಿ ಮಕ್ಕಳನ್ನು ಆ ಕಡೆಯಿಂದ ಈ ಕಡೆಗೆ ಕಳಿಸಬೇಕು ಎಂಬ ದಾವೆ ಆಗ ಕೋರ್ಟಿನಲ್ಲಿತ್ತು. ಊರೆಲ್ಲ ಅದರದೇ ಕಿಚ್ಚು. ಅದು ಇತ್ಯರ್ಥವಾಗುವ ಮೊದಲೇ ನಮ್ಮ ಶಾಲಾ ಮಂಡಳಿಯ ಮುಂದೆ ಯಾರೋ ಪುಣ್ಯಾತ್ಮರು ಒಂದು ಸಣ್ಣ ಸಲಹೆ ಇಟ್ಟಿದ್ದರು. ಈ ಊರಿನಲ್ಲಿ ಕೆಲಸ ಮಾಡುವ ನಗರದವರ ಮಕ್ಕಳಿಗಾಗಿ ಸೆಪ್ಟೆಂಬರಿನಿಂದ ಒಂದೇ ಒಂದು ಬಸ್ಸು ಬಿಡೋಣ, ಹೇಗಾಗುತ್ತದೆ ನೋಡೋಣ ಎಂದು. ಒಂದೇ ಬಸ್ಸು. ಅದರಲ್ಲಿ ಒಂದು ಸೀಟು ಈ ಹುಡುಗಿಗೆ ಸಿಗಬೇಕೆಂದು ತಾಯಿ ಆಸೆ ಇಟ್ಟುಕೊಂಡಿದ್ದಳು. ನಾನು ಅವಳಿಗಿಂತ ಹೆಚ್ಚು ಇಟ್ಟುಕೊಂಡಿದ್ದೆ.

ಆಗಲೇ ನಮ್ಮ ಕ್ಷೇತ್ರವನ್ನು ವಾಷಿಂಗ್ಟನ್ನಿನಲ್ಲಿ ಪ್ರತಿನಿಧಿಸುತ್ತಿದ್ದ ಮನುಷ್ಯ ಮತ್ತೆ ಚುನಾವಣೆಗೆ ನಿಂತರು. ಅವರ ಮಾತೆಲ್ಲ ಎರಡೇ ತುಂಡು. ವಿಮಾನ ಬೇಕು, ಬಸ್ ಬೇಡ. ಹೊಸ ಬಾಂಬರಿಗೆ ಎಷ್ಟು ಸುರಿದರೂ ಸಾಲದು; ಮಕ್ಕಳ ಬಸ್ಸಿಗೆ ಒಂದು ಕಾಸು ಬಿಚ್ಚಿದರೂ ದೇಶ ಹಾಳು. ಕಾರ್ಖಾನೆಯ ಗೇಟಿನಲ್ಲಿ ಕೈಕುಲುಕುತ್ತ ನಿಲ್ಲುತ್ತಿದ್ದರು. ನನ್ನ ಗೆಳತಿಯ ಕೈಯನ್ನೂ ಕುಲುಕಿದ್ದರು. "ಮೆತ್ತಗಿದೆ ಕೈ, ಹೊಸಾ ಸೋಪಿನ ಹಾಗೆ" ಎಂದು ಅವಳು ಆಮೇಲೆ ನಕ್ಕಿದ್ದಳು.

ನಮ್ಮ ಯುಗಾದಿ ಊಟಕ್ಕೆ ಮುಖ್ಯ ಅತಿಥಿ ಯಾರು ಎಂದುಕೊಂಡಿರಿ? ಅವರೇ.

ಸುದ್ದಿ ಕೇಳಿ ನಾನು ಡಾಕ್ಟರ ಮನೆಗೆ ಫೋನ್ ಮಾಡಿದೆ. "ಆ ಮನುಷ್ಯ ಬೇಡ ಡಾಕ್ಟ್ರೇ. ಕಪ್ಪು ಮಕ್ಕಳನ್ನ ಊರೊಳಗೆ ಬಿಡಬೇಡಿ ಅಂತ ಓಟು ಕೇಳ್ತಿದಾರೆ. ಅವರಿಗೆ ನಾವು ಪೇಟ ತೊಡಿಸೋದಾ?"

"ನೋಡಮ್ಮ, ಅದೆಲ್ಲ ಅವರವರ ರಾಜಕೀಯ. ನಮಗ್ಯಾಕೆ ಊರ ಉಸಾಬರಿ?" ಅವರದು ಯಾವಾಗಲೂ ಆಸ್ಪತ್ರೆಯ ತಣ್ಣನೆಯ ದನಿ. "ಚಿಕಾಗೋ ಕೂಟದವರು ಹೋದ ವರ್ಷ ಯಾರೋ ಒಬ್ಬ ಸಿಟಿ ಕೌನ್ಸಿಲ್ ಮೆಂಬರನ್ನ ಕರೆಸಿ ಸನ್ಮಾನ ಮಾಡಿ ಎಷ್ಟು ಜಂಬ ಪಟ್ರು ನೆನಪಿದೆಯಾ? ನಾವು ಡೈರೆಕ್ಟಾಗಿ ವಾಷಿಂಗ್ಟನ್ನಿನವರನ್ನೇ ಕರೆಸ್ತಿದೀವಿ. ಗಂಧದ ಹಾರ ತರೋದಕ್ಕೆ ಚಿಕಾಗೋಗೇ ಹುಡುಗರನ್ನ ಕಳಿಸಿದೀನಿ, ಅವರಿಗೂ ಗೊತ್ತಾಗ್ಲಿ."

ಅಲ್ಲಿಗೆ ಮುಗಿಯಿತು. ಚಿಕಾಗೋದವರ ಹೊಟ್ಟೆ ಉರಿಸಲು ನಮ್ಮವರು ಸೈತಾನನಿಗೂ ಪೇಟ ತೊಡಿಸುವವರು. ಮನೆಯಲ್ಲಿ ಯಜಮಾನರನ್ನು ಹಿಡಿದುಕೊಂಡೆ. "ರೀ, ನೀವಾದ್ರೂ ಹೇಳ್ರೀ."

"ಹೇಳಿ ಏನ್ ಮಾಡೋದೇ? ಬಂದೋರನ್ನ ಬರಿಗೈಲಿ ಕಳಿಸಕ್ಕಾಗುತ್ತಾ?" ಎಂದು ಪೇಪರಿನೊಳಗೆ ಮುಖ ಹುದುಗಿಸಿದರು. ಇನ್ನೂ ಒಂದು ಮಾತು ಅವರ ಹೊಟ್ಟೆಯಲ್ಲಿತ್ತು, ಸ್ವಲ್ಪ ಹೊತ್ತಿಗೆ ಅದೂ ಬಂತು. "ಬಸ್ ಬಂದ್ರೆ ನಮ್ಮ ಮಕ್ಕಳನ್ನೂ ಆ ಕಡೆ ಕಳಿಸ್ತಾರೆ, ಅದನ್ನೂ ಯೋಚನೆ ಮಾಡು." ಕೂಟದ ಎಲ್ಲ ಮನೆಗಳಲ್ಲೂ ಆ ಮಾತು ಒಳಗೊಳಗೇ ಓಡಾಡುತ್ತಿತ್ತು. ಹೊರಗೆ ಆಡಿದವರು ಇವರೊಬ್ಬರೇ, ಅದೂ ಹೆಂಡತಿಯ ಮುಂದೆ.

ಯುಗಾದಿಯ ದಿನ ಚರ್ಚ್ ಒಂದರ ನೆಲಮಾಳಿಗೆಯಲ್ಲಿ ಸಮಾರಂಭ. ನಾನು ಸಭೆಯಲ್ಲಿ ಕೂರುವುದಿಲ್ಲ ಎಂದು ಹೇಳಿ ಅಡಿಗೆಮನೆ ಸೇರಿ ಬಿಸಿಬೇಳೆಬಾತನ್ನು ಕಲಸುತ್ತ ನಿಂತೆ. ಆರತಿ ಹಿಡಿಯಲು ಕರೆದರು, ಹೋಗಲಿಲ್ಲ. ಕಿಟಕಿಯಂಥ ಕಿಂಡಿಯಿಂದ ಎಲ್ಲ ಕಾಣುತ್ತಿತ್ತು. ಅವರ ತಲೆ ದೊಡ್ಡದು, ನಮ್ಮ ಪೇಟ ಕೂರಲಿಲ್ಲ. ಡಾಕ್ಟರು ಹಿಂದೆ ನಿಂತು ಒತ್ತಿ ಹಿಡಿದುಕೊಂಡರು. ಶಾಲಿನ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತವರು ಯಾರು? ನನ್ನ ಯಜಮಾನರು. ತೆಂಗಿನಕಾಯಿಯನ್ನು ಆ ಮನುಷ್ಯ ಫುಟ್‌ಬಾಲಿನ ಹಾಗೆ ಕಂಕುಳಲ್ಲಿ ಅವುಚಿಕೊಂಡು, "ನೀವು ಬಂದಿರಿ, ದುಡಿದಿರಿ, ಯಾರನ್ನೂ ಏನೂ ಕೇಳಲಿಲ್ಲ. ಎಲ್ಲರೂ ನಿಮ್ಮ ಹಾಗಿದ್ದರೆ ಈ ದೇಶಕ್ಕೆ ತೊಂದರೆಯೇ ಇರುತ್ತಿರಲಿಲ್ಲ" ಎಂದು ಭಾಷಣ ಬಿಗಿದರು. ನಮ್ಮವರು ಉಬ್ಬಿಹೋದರು. ಎಲ್ಲರೂ ಅಂದರೆ ಯಾರು ಎಂದು ಯೋಚಿಸಲು ಯಾರಿಗೂ ಪುರುಸೊತ್ತಿರಲಿಲ್ಲ, ಪಾಯಸ ಆರುತ್ತಿತ್ತು.

ಎರಡು ವಾರದ ನಂತರ ಒಂದು ಬೆಳಿಗ್ಗೆ ಕಾರು ಹತ್ತಿದೆ. ಇವತ್ತು ಯಾರ ಮೇಲೆ ಅಂತ ಅವಳು ಕೇಳಲಿಲ್ಲ. ಡ್ಯಾಶ್‌ಬೋರ್ಡಿನ ಮೇಲಿದ್ದ ಒಂದು ಚುನಾವಣೆಯ ಕರಪತ್ರ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಶನಿವಾರ ಓವರ್‌ಟೈಮಿಗೆ ಬಂದವರಿಗೆಲ್ಲ ಗೇಟಿನಲ್ಲಿ ಹಂಚಿದ್ದರಂತೆ. ಪೇಟ ತೊಟ್ಟ ಆ ಮನುಷ್ಯನ ಫೋಟೋ, ಸುತ್ತ ನಮ್ಮವರು. ಕೆಳಗೆ ದಪ್ಪಕ್ಷರದಲ್ಲಿ, ಬಣ್ಣದ ಜನರೂ ನನ್ನ ಜೊತೆಗಿದ್ದಾರೆ, ಬಸ್ ಬೇಡ ಎನ್ನುವುದು ಮೈಬಣ್ಣದ ಮಾತಲ್ಲ, ಎಂದು ಇತ್ತು.

"ನಿನ್ನ ಗಂಡ ಫೋಟೋದಲ್ಲಿ ಚೆನ್ನಾಗಿ ಬಂದಿದಾನೆ" ಎಂದಳು.

ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅದು ನಮ್ಮ ಪದ್ಧತಿ, ಬಂದವರಿಗೆಲ್ಲ ಹಾಗೆ ಮಾಡುತ್ತೇವೆ, ಅದಕ್ಕೇನೂ ಅರ್ಥವಿಲ್ಲ ಎಂದೆಲ್ಲ ಒದರಿದೆ. ನನಗೇ ಕೇಳಲು ಅಸಹ್ಯವಾಯಿತು.

"ನನ್ನನ್ನು ಕರೆದಿದ್ದರೆ ನನಗೂ ಆ ಟೋಪಿ ಹಾಕ್ತಿದ್ರಾ?" ಎಂದು ಅವಳು ಕೇಳಿದಳು. ವ್ಯಂಗ್ಯವಿರಲಿಲ್ಲ ಅದರಲ್ಲಿ. ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದಳು. ಇಷ್ಟು ವರ್ಷದಲ್ಲಿ ಒಬ್ಬರೇ ಒಬ್ಬ ಕಪ್ಪು ಜನಾಂಗದವರನ್ನೂ ನಮ್ಮ ಕೂಟದ ಊಟಕ್ಕೆ ಕರೆದದ್ದು ನನಗೆ ನೆನಪಿಲ್ಲ. ಇಲ್ಲ ಎಂದೆ. ಅವಳು ತಲೆಯಾಡಿಸಿ ಗೇರು ಬದಲಿಸಿದಳು.

ಗೇಟಿನ ಹತ್ತಿರ ಬಂದಾಗ ಅವಳೇ ಮತ್ತೆ ಬಾಯಿಬಿಟ್ಟಳು. "ಮುಂದಿನ ವಾರ ಗುರುವಾರ ಶಾಲಾ ಮಂಡಳಿ ಸಭೆ ಇದೆ. ಆ ಬಸ್ಸಿನ ವಿಷಯ. ಈ ಊರಿನಲ್ಲಿ ವಾಸ ಇರೋರು ಮಾತ್ರ ಮಾತಾಡಬಹುದಂತೆ. ನಾನು ಬಂದು ಕೂರಬಹುದು, ಅಷ್ಟೇ. ನೀನು ಮಾತಾಡ್ತೀಯಾ? ನನ್ನ ಮಗಳ ಲೆಕ್ಕದ ವಿಷಯ ಹೇಳು. ಸಿಟ್ಟು ಮಾಡ್ಕೋಬೇಡ, ಲೆಕ್ಕದ ವಿಷಯ ಹೇಳು."

ಮಾತಾಡುತ್ತೇನೆ ಎಂದೆ. ಆದರೆ ಅದಕ್ಕೆ ಮೊದಲು ನಮ್ಮವರ ಕೊಳೆ ತೊಳೆಯಬೇಕಲ್ಲ. ಭಾನುವಾರ ಕೂಟದ ಸಮಿತಿಯವರನ್ನೆಲ್ಲ ಡಾಕ್ಟರ ಮನೆಯಲ್ಲಿ ಸೇರಿಸಿ, ಕರಪತ್ರವನ್ನು ಕಾಫಿ ಟೇಬಲಿನ ಮೇಲೆ ಹರಡಿದೆ. ಫೋಟೋವನ್ನು ನಮ್ಮ ಒಪ್ಪಿಗೆಯಿಲ್ಲದೆ ಬಳಸಿದ್ದಾರೆ, ನಾವು ಯಾರ ಪರವೂ ಅಲ್ಲ ಎಂದು ಪತ್ರಿಕೆಗೆ ನಾಲ್ಕು ಸಾಲು ಬರೆಯೋಣ, ಅಷ್ಟೇ ಸಾಕು ಎಂದೆ.

ಅವರೆಲ್ಲ ಮೊದಲು ಫೋಟೋದಲ್ಲಿ ತಾವೆಲ್ಲಿದ್ದೇವೆ ಎಂದು ಹುಡುಕಿದರು. ಹುಬ್ಬಳ್ಳಿಯ ಒಬ್ಬ ಇಂಜಿನಿಯರು, ಒಳ್ಳೆಯ ಮನುಷ್ಯ, ನನ್ನನ್ನು ಸಮಾಧಾನ ಮಾಡಲು ಬಂದರು. "ಹೋಗ್ಲಿ ಬಿಡ್ರಿ ಅಕ್ಕಾರ. ಒಂದ್ ರುಮಾಲ ಸುತ್ತೀವಿ, ಆತು. ಅದನ್ನ ಎಷ್ಟಂತ ಎಳೀತೀರಿ?"

"ನಾಳೆ ವಿಮಾನದ ಆರ್ಡರ್ ಬರದಿದ್ರೆ ನಮ್ಮ ಎಷ್ಟು ಜನಕ್ಕೆ ಕೆಲಸ ಹೋಗುತ್ತೆ ಗೊತ್ತೇನಮ್ಮ?" ಎಂದರು ಡಾಕ್ಟರು. "ಅವರನ್ನ ಎದುರು ಹಾಕ್ಕೊಳ್ಳೋದು ಬೇಡ. ನಿನ್ನ ಫ್ರೆಂಡಿಗೆ ಬೇಕಾದ್ರೆ ನಾನು ಪರ್ಸನಲ್ಲಾಗಿ ಸಾರಿ ಹೇಳ್ತೀನಿ."

"ಅವಳಿಗೆ ನಿಮ್ಮ ಸಾರಿ ಬೇಕಾಗಿಲ್ಲ. ಮಗಳಿಗೆ ಸೀಟು ಬೇಕು" ಎಂದೆ. ಅಷ್ಟರಲ್ಲಿ ಡಾಕ್ಟರ ಹೆಂಡತಿ ಕೋಡುಬಳೆ ತಂದರು. ಒಬ್ಬರೂ ನನ್ನ ಮುಖ ನೋಡಲಿಲ್ಲ. ಕೋಡುಬಳೆ ಮುರಿದು ತಿಂದು ಎದ್ದರು, ಪತ್ರಿಕೆಗೆ ಒಂದು ಸಾಲೂ ಹೋಗಲಿಲ್ಲ. ಯಜಮಾನರು ಮನೆಗೆ ಬರುವವರೆಗೆ ರಸ್ತೆಯನ್ನೇ ನೋಡುತ್ತ ಕಾರು ಓಡಿಸಿದರು. ಬಾಯಿ ಬಿಟ್ಟಿದ್ದರೆ ಆ ದಿನ ಅವರ ಗ್ರಹಚಾರ ನೆಟ್ಟಗಿರುತ್ತಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಾಯಿಸಿದಳು ಎನ್ನಬೇಡಿ. ಆ ಮನುಷ್ಯ ಗೆದ್ದರು. ವಿಮಾನಕ್ಕೆ ಹಣ ಬಂತು. ಕಾರ್ಖಾನೆಯಲ್ಲಿ ಕೇಕ್ ಹಂಚಿದರು. ದೊಡ್ಡ ಕೋರ್ಟು ಬಸ್ಸುಗಳು ನಗರದ ಗಡಿ ದಾಟಬೇಕಾಗಿಲ್ಲ ಎಂದಿತು. ನನ್ನ ಗೆಳತಿ ಇನ್ನೂ ಎಷ್ಟೋ ವರ್ಷ ಆ ಬೀಗದ ಕೋಣೆಯಲ್ಲಿ ಕೂತು ಬಾಂಬರಿನ ಕಾಲುಗಳನ್ನು ಬರೆದಳು. ಅದೆಲ್ಲ ಆಮೇಲಿನ ಮಾತು. ಆ ಗುರುವಾರ ಇನ್ನೂ ಏನೂ ತೀರ್ಮಾನವಾಗಿರಲಿಲ್ಲ, ನನಗಿನ್ನೂ ನಂಬಿಕೆಯಿತ್ತು.

ಪ್ಯಾಂಟ್ ಹಾಕಿಕೊಂಡು ಹೋಗು ಎಂದು ಯಜಮಾನರು. ಸೀರೆ ಉಟ್ಟುಕೊಂಡು ಬಾ ಎಂದು ಅವಳು. ಸೀರೆ ಉಟ್ಟೆ. ಶಾಲೆಯ ಊಟದ ಹಾಲ್ ಜನರಿಂದ ತುಂಬಿಹೋಗಿತ್ತು. ನಮ್ಮ ಕ್ಯಾಂಟೀನಿನ ಮುಖಗಳೇ ಬಹಳ. ಅವಳೂ ಮಗಳೂ ಕೊನೆಯ ಸಾಲಿನಲ್ಲಿ ಕೂತರು. ಹುಡುಗಿ ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು, ಫೋಟೋಗೆ ಕೂತವಳಂತೆ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದಳು. ಮಾತಾಡಿದವರೆಲ್ಲ ಬಸ್ಸು ಎನ್ನುತ್ತಿದ್ದರು, ಜಾಗ ಎನ್ನುತ್ತಿದ್ದರು, ಮನೆಯ ಬೆಲೆ ಎನ್ನುತ್ತಿದ್ದರು. ಮಕ್ಕಳು ಎಂದವರು ಕಡಿಮೆ.

ನನ್ನ ಸರದಿ ಬಂತು. ಅವಳು ಹೇಳಿದ ಹಾಗೆ ಸಿಟ್ಟನ್ನು ನುಂಗಿಕೊಂಡು ಲೆಕ್ಕದ ವಿಷಯವನ್ನೇ ಹೇಳಿದೆ. ನಾನು ಗಣಿತದ ಟೀಚರು. ನನಗೊಬ್ಬಳು ಹುಡುಗಿ ಗೊತ್ತು. ಹನ್ನೊಂದು ವರ್ಷಕ್ಕೆ ಅವಳು ಮಾಡುವ ಲೆಕ್ಕವನ್ನು ನನ್ನ ದೊಡ್ಡ ವಿದ್ಯಾರ್ಥಿಗಳು ಮಾಡುತ್ತಿರಲಿಲ್ಲ. ಅವಳ ಶಾಲೆಯಲ್ಲಿ ಕಲಿಸುವವರಿಲ್ಲ, ನಿಮ್ಮ ಶಾಲೆಯಲ್ಲಿದ್ದಾರೆ. ಅವಳ ತಾಯಿ ದಿನಾ ಬೆಳಿಗ್ಗೆ ಈ ಊರಿಗೆ ಬಂದು ನಿಮ್ಮ ಜೊತೆಯಲ್ಲೇ ಕೆಲಸ ಮಾಡುತ್ತಾಳೆ. ಇಷ್ಟೇ. ಜನ ಚೆನ್ನಾಗಿ ಕೇಳಿದರು. ಕೆಲವರು ನಗುಮುಖದಿಂದ ತಲೆಯಾಡಿಸಿದರು. ನನ್ನ ಎದೆ ಸ್ವಲ್ಪ ಹಗುರವಾಯಿತು.

ಆಗ ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ನಮ್ಮ ಬೀದಿಯವಳೇ, ಕ್ರಿಸ್‌ಮಸ್ಸಿಗೆ ಕುಕೀಸ್ ತಂದುಕೊಡುವವಳು. ಅವಳ ಕೈಯಲ್ಲಿ ಆ ಕರಪತ್ರವಿತ್ತು. "ನಿಮ್ಮ ಸಮಾಜದವರು ನಮ್ಮ ಪ್ರತಿನಿಧಿಗೆ ಎಷ್ಟು ಚೆನ್ನಾಗಿ ಗೌರವ ಮಾಡಿದಿರಿ ಅಂತ ನಾವೆಲ್ಲ ನೋಡಿದೀವಿ" ಎಂದು ಶುರು ಮಾಡಿದಳು. ದನಿಯಲ್ಲಿ ಪ್ರೀತಿಯೇ ಇತ್ತು, ಅದೇ ನನಗೆ ತಡೆಯಲಾಗದ್ದು. "ನಿಮ್ಮ ಮಕ್ಕಳ ಬಗ್ಗೆ ಇಲ್ಲಿ ಯಾರಿಗೂ ಬೇಜಾರಿಲ್ಲ. ಇಂಥ ಬುದ್ಧಿವಂತ ಮಕ್ಕಳು ಇನ್ನೂ ಬರಲಿ. ನಾವು ಮಾತಾಡ್ತಿರೋದು ನಿಮ್ಮಂಥವರ ವಿಷಯ ಅಲ್ಲ. ನೀವು ನಮ್ಮವರು."

ಹಾಲ್ ತುಂಬ ಚಪ್ಪಾಳೆ. ನಾನು ಹೇಳಿದ ಹುಡುಗಿ ನನ್ನ ಮಗುವಲ್ಲ, ನಮ್ಮ ಸಮಾಜದವಳೂ ಅಲ್ಲ ಎಂದು ನಾನು ಕೂಗಿದೆ. ಮೈಕಿನವನು ನನ್ನ ಸಮಯ ಮುಗಿಯಿತೆಂದು ಮೈಕನ್ನು ಆಚೆಗೆ ಸರಿಸಿದ್ದ. ಬರಿಯ ಗಂಟಲಿನಲ್ಲಿ ಮತ್ತೆ ಕೂಗಿದೆ. ಚಪ್ಪಾಳೆ ಇನ್ನೂ ಜೋರಾಯಿತು. ನಾನು ಥ್ಯಾಂಕ್ಸ್ ಹೇಳುತ್ತಿದ್ದೇನೆ ಎಂದುಕೊಂಡರೇನೋ. ಯಾರೋ ನನ್ನ ಭುಜ ತಟ್ಟಿ ಕುರ್ಚಿ ತೋರಿಸಿದರು. ಆಮೇಲೆ ಮಂಡಳಿಯವರು ಹಿಂದಿನ ಸಾಲುಗಳಿಗೆ ಸರಿಯಾಗಿ ಕೇಳಿಸದ ದನಿಯಲ್ಲಿ ಏನೋ ಓದಿ, ಕೈಯೆತ್ತಿ ಮತ ಹಾಕಿ, ಬಸ್ಸಿನ ಸಲಹೆಯನ್ನು ತೆಗೆದುಹಾಕಿದರು. ಅದಕ್ಕೂ ಚಪ್ಪಾಳೆ ಬಿತ್ತು, ಎಲ್ಲರೂ ಎದ್ದು ನಿಂತು ತಟ್ಟಿದರು.

ಹೊರಗೆ ಏಪ್ರಿಲ್ ತಿಂಗಳ ಕೊರೆಯುವ ಗಾಳಿ. ಮೂವರೂ ಕಾರು ಹತ್ತಿದೆವು. ಹುಡುಗಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಳು. ಅವಳ ಕೆನ್ನೆ ಸಂತೋಷದಿಂದ ಹೊಳೆಯುತ್ತಿತ್ತು. "ಎಷ್ಟೊಂದು ಜನ ಚಪ್ಪಾಳೆ ತಟ್ಟಿದ್ರು ಆಂಟಿ" ಎಂದಳು. "ಕೊನೇಲಿ ಇನ್ನೂ ಜೋರಾಗಿ ತಟ್ಟಿದ್ರು. ನಾನೂ ತಟ್ಟಿದೆ. ಹಾಗಾದ್ರೆ ಸೆಪ್ಟೆಂಬರಿಂದ ನಾನು ಇಲ್ಲಿಗೇ ಬರಬಹುದಾ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳಮ್ಮ, ತಿರುಗಿ ನೋಡದೆ, ಕೀಲಿಕೈ ಹಿಡಿದುಕೊಂಡೇ ಹೇಳಿದಳು. "ಇಲ್ಲಮ್ಮ. ನೀನು ಬರೋದು ಬೇಡ ಅಂತ ತಟ್ಟಿದ್ದು ಅವರು."

ಹುಡುಗಿ ಎರಡೂ ಕೈಗಳನ್ನು ಕೋಟಿನ ಜೇಬಿನೊಳಕ್ಕೆ ಹಾಕಿಕೊಂಡಳು.